ದೇವೀರಮ್ಮ ಎರಡು ಸಲ ಹೇಳಿದ ಬಾವಲಿ ಕತೆ

ಬಾ ಪುಟ್ಟಿ, ಅಜ್ಜಿ ನಿಮ್ಮ ಚಿಕ್ಕಮ್ಮನ ಮನೆಗೆ ಹೋಗಿದಾಳೆ, ಇವತ್ತು ಅಜ್ಜಿ ಕತೇನ ತಾತನೇ ಹೇಳಬೇಕು. ಅಜ್ಜಿ ಥರ ಹೇಳಕ್ಕೆ ಬರಲ್ಲ ಅಂತ ಈಗಲೇ ಮುಖ ಸಿಂಡರಿಸಬೇಡ, ಕಾಲು ಒಳಗೆ ತಗೊಂಡು ಹೊದ್ದುಕೋ.

ಒಂದಾನೊಂದು ಕಾಲದಲ್ಲಿ, ಸ್ವಿಚ್ಚು ಒತ್ತಿದರೆ ದೀಪ ಹತ್ತೋ ಕಾಲಕ್ಕಿಂತ ಎಷ್ಟೋ ಮುಂಚೆ, ಇಪ್ಪೆಗೆರೆ ಅಂತ ಒಂದು ಊರಿತ್ತಂತೆ. ಊರ ತುಂಬ ಇಪ್ಪೆ ಮರ. ಅದರ ಬೀಜ ಗಾಣಕ್ಕೆ ಹಾಕಿ ಎಣ್ಣೆ ತೆಗೆದರೆ ಮಾತ್ರ ಮನೆಮನೆಯಲ್ಲಿ ದೀಪ. ಊರಾಚೆ ಒಂದು ವಿದ್ಯಾಪೀಠ ಇತ್ತಂತೆ, ನಿಮ್ಮಪ್ಪ ಓದಿದ ಯೂನಿವರ್ಸಿಟಿ ಇದೆಯಲ್ಲ, ಆ ಥರದ್ದು, ಆದರೆ ಕ್ಯಾಂಟೀನ್ ಇಲ್ಲದ್ದು. ಅಲ್ಲಿ ಮೂವರು ಕೂಡಿ ಬಾವಲಿಗಳ ಬಗ್ಗೆ ಸಂಶೋಧನೆ ಮಾಡ್ತಿದ್ದರಂತೆ. ದೊಡ್ಡವನು ತಿಮ್ಮರಸ, ನಡುವಿನವನು ಚೆಲುವಯ್ಯ, ಚಿಕ್ಕವಳು ದೇವೀರಮ್ಮ. ವರ್ಷಗಟ್ಟಲೆ ನಿದ್ದೆಗೆಟ್ಟು ಒಂದು ವಿಷಯ ಕಂಡುಹಿಡಿದಿದ್ದರಂತೆ. ಇಪ್ಪೆ ಹೂವು ಅರಳೋದು ಕತ್ತಲಾದ ಮೇಲೆ, ಆಗ ಅದರ ಹತ್ತಿರ ಬರೋದು ಬಾವಲಿ, ಒಂದು ಹೂವಿನ ಪುಡಿ ಇನ್ನೊಂದಕ್ಕೆ ಮುಟ್ಟಿಸೋದೂ ಬಾವಲೀನೇ, ಹಾಗಾಗಿ ಬಾವಲಿ ಇಲ್ಲ ಅಂದ್ರೆ ಬೀಜ ಇಲ್ಲ. ಕಂಡುಹಿಡಿದರು, ಓಲೆಗರಿಯಲ್ಲಿ ಬರೆದರು, ಅಟ್ಟಕ್ಕೆ ಹಾಕಿದರು. ಊರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಆ ಬಾವಲಿಗಳೆಲ್ಲ ಕೆರೆ ಏರಿ ಮೇಲಿನ ಆಲದ ಮರದಲ್ಲಿ ನೇತಾಡ್ತಿದ್ದವಂತೆ. ವಾಸನೆ, ಕಿಚಿಪಿಚಿ, ಮೇಲಿಂದ ಅಪಶಕುನ ಅಂತ ಬೇರೆ. ಊರ ಗೌಡ ಕೆಂಚೇಗೌಡ ಪಂಚಾಯ್ತಿ ಸೇರಿಸಿ, ಬರೋ ಅಮಾವಾಸ್ಯೆ ಕಳೀತಿದ್ದ ಹಾಗೆ ಮರ ಕಡಿಸಿಬಿಡೋಣ ಅಂದನಂತೆ. ಸುದ್ದಿ ಮೂವರ ಕಿವಿಗೂ ಬಿತ್ತು. ಮರ ಹೋದರೆ ಬಾವಲಿ ಹೋಗುತ್ತೆ, ಬಾವಲಿ ಹೋದರೆ ಊರ ದೀಪ ಹೋಗುತ್ತೆ.

ಆಮೇಲೆ ತಿಮ್ಮರಸ ನಾನು ಹೋಗಿ ಹೇಳ್ತೀನಿ ಅಂತ ಓಲೆ ಕಟ್ಟು ಹೊತ್ತುಕೊಂಡು ಅರಳಿಕಟ್ಟೆಗೆ ಹೋದನಂತೆ. ಹೋದವನು ನೇರ ವಿಷಯಕ್ಕೆ ಬಂದನಾ, ಇಲ್ಲ. ಬಾವಲಿ ಎಂದರೇನು, ಹಕ್ಕಿ ಏಕಲ್ಲ, ಈ ಬಗ್ಗೆ ಹಿಂದಿನವರು ಯಾರ್ಯಾರು ಏನೇನು ತಪ್ಪು ಹೇಳಿದಾರೆ, ಹೀಗೆ ಓದ್ತಾ ಓದ್ತಾ ಹೊತ್ತು ಇಳೀತು. ಜನ ಮರ್ಯಾದಸ್ಥರು, ಒಬ್ಬರೂ ಎದ್ದು ಹೋಗಲಿಲ್ಲವಂತೆ, ಕೂತಲ್ಲೇ ತೂಕಡಿಸಿದರು. ಗೌಡ ಕಣ್ಣು ಉಜ್ಜಿಕೊಂಡು, ಬಹಳ ಚೆನ್ನಾಗಿತ್ತು ಸ್ವಾಮಿ, ನಮಗೂ ನಾಲ್ಕಕ್ಷರ ಕಿವಿಗೆ ಬಿತ್ತು, ಅಂದ ಹಾಗೆ ಮರ ಕಡಿಯೋಕೆ ನಿಮ್ಮ ಕಡೆಯಿಂದ ಯಾರಾದ್ರೂ ಬರ್ತೀರಾ ಅಂದನಂತೆ.

ನೀನಿನ್ನೂ ಮಲಗಿಲ್ಲ ತಾನೆ? ಸರಿ.

ಆಮೇಲೆ ಚೆಲುವಯ್ಯ ಹೊರಟನಂತೆ. ಉದ್ದ ಹೇಳಿದ್ದೇ ತಪ್ಪಾಯ್ತು, ಚುಟುಕಾಗಿ ಹೇಳಬೇಕು ಅಂತ, ಕೊರಳಿಗೆ ತಮಟೆ ಹಾಕ್ಕೊಂಡು ಬೀದಿಬೀದೀಲಿ ಬಾರಿಸಿ, ಮರ ಕಡಿದವರ ಮನೆ ಕತ್ತಲಾಗುತ್ತೆ, ಕೇಳ್ರಪ್ಪೋ ಕೇಳಿ, ಅಂತ ಸಾರಿದನಂತೆ. ಇವನ್ಯಾವನೋ ನಮ್ಮ ಮನೆ ಬಾಗಿಲಿಗೇ ಬಂದು ಶಾಪ ಹಾಕ್ತಾನಲ್ಲ ಅಂತ ಹೆಂಗಸರೆಲ್ಲ ಹೊರಗೆ ಬಂದು ಬೈದರಂತೆ. ಗೌಡನಿಗೂ ಸಿಟ್ಟು ಬಂತು. ಅಮಾವಾಸ್ಯೆವರೆಗೆ ಯಾಕೆ, ಸೋಮವಾರವೇ ಕೊಡಲಿ ಹಾಕಿ ಅಂದುಬಿಟ್ಟ.

ಉಳಿದವಳು ದೇವೀರಮ್ಮ. ಅವಳು ಕಟ್ಟೆಗೂ ಹೋಗಲಿಲ್ಲ, ತಮಟೇನೂ ಮುಟ್ಟಲಿಲ್ಲ. ಹೆಂಗಸರು ಅವರೆ ಸುಲಿಯೋ ಜಗಲಿ ಮೇಲೆ ಕೂತು, ತಾನೂ ಒಂದು ಬೊಗಸೆ ಕಾಯಿ ಮಡಿಲಿಗೆ ಹಾಕ್ಕೊಂಡು, ಒಂದು ಕತೆ ಶುರು ಮಾಡಿದಳಂತೆ. ಬಾವಲಿ ಅಂದ್ರೆ ದೇವಿ ಕಳಿಸಿದ ದೂತ, ತಲೆಕೆಳಗಾಗಿ ತಪಸ್ಸು ಮಾಡುತ್ತೆ, ಅದರ ತಪಸ್ಸಿನ ಫಲವೇ ಇಪ್ಪೆ ಬೀಜ, ಅಂತ. ಹೆಂಗಸರ ಕೈ ನಿಂತುಹೋಯ್ತಂತೆ. ಕತೆ ಅವತ್ತೇ ಮನೆಮನೆಗೆ ಹೋಯ್ತು. ಸೋಮವಾರ ಕೊಡಲಿ ಹಿಡಿದು ಬಂದವರನ್ನ ಅವರ ಹೆಂಡಂದಿರೇ ಮರದ ಬುಡದಿಂದ ಎಳ್ಕೊಂಡು ಹೋದರಂತೆ.

ಕತೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ.

ದೇವಿ ದೂತ ಅಂದ ಮೇಲೆ ಜನ ಸುಮ್ಮನೆ ಇರ್ತಾರಾ. ನಡು ಮಧ್ಯಾಹ್ನ ಆಲದ ಮರದ ಕೆಳಗೆ ಪೂಜೆ, ಗಂಟೆ, ಜಾಗಟೆ, ಕಣ್ಣುರಿಯೋ ಹಾಗೆ ಲೋಬಾನದ ಹೊಗೆ. ಪಾಪ, ಬಾವಲಿಗಳು ಎಷ್ಟು ದಿನ ತಡೆದಾವು, ಒಂದು ಸಂಜೆ ಎದ್ದು ಹೋದವು ವಾಪಸ್ ಬರಲೇ ಇಲ್ಲವಂತೆ. ಆ ವರ್ಷ ಇಪ್ಪೆ ಹೂವೇನೋ ಬಿಡ್ತು, ಕಾಯಿ ಕಚ್ಚಲಿಲ್ಲ. ಗಾಣ ತಿರುಗಲಿಲ್ಲ. ಮುಸ್ಸಂಜೆಗೆ ಊಟ ಮುಗಿಸಿ ಕತ್ತಲಲ್ಲಿ ಕೂರೋದೇ ಎಲ್ಲರ ಗತಿ ಆಯ್ತು.

ತಿಮ್ಮರಸ, ನಾನು ನಿಜ ಹೇಳಿ ಮಲಗಿಸ್ದೆ, ನೀನು ಸುಳ್ಳು ಹೇಳಿ ಎಬ್ಬಿಸ್ದೆ, ಯಾರು ವಾಸಿ ತಂಗಿ ಅಂತ ಕೇಳಿದನಂತೆ. ದೇವೀರಮ್ಮ ಎದ್ದಳು. ಅದೇ ಜಗಲಿಗೆ ಹೋಗಿ ಕೂತಳು. ಎದುರುಮನೆ ಸೊಸೆ ಒನಕೆ ಎತ್ತಿದ್ದಳು ಭತ್ತ ಕುಟ್ಟೋಕೆ. ಅವಳತ್ತೆ ಒಳಗಿಂದ ಪಿಸುಗುಟ್ಟಿದಳಂತೆ, ಇಳಿಸೇ ಇಳಿಸು, ಪಕ್ಕದ ಮನೆ ತಳವಾರ ರಾತ್ರಿಯೆಲ್ಲ ಊರು ಕಾದು ಈಗ ಕಣ್ಣು ಮುಚ್ಚಿದಾನೆ. ಆ ಊರಲ್ಲಿ ಹಾಗೇ ಅಂತೆ, ತಳವಾರ ಮಲಗಿದ ಬೀದೀಲಿ ಹೊತ್ತು ತಿರುಗೋವರೆಗೆ ಯಾರೂ ಒನಕೆ ಹಾಕಲ್ಲ, ನಾಯೀನೂ ಬೊಗಳೋಕೆ ಬಿಡಲ್ಲ.

ದೇವೀರಮ್ಮ ನೆಟ್ಟಗೆ ಕೂತಳು. ಅಟ್ಟದ ಓಲೆಗಳನ್ನ ಇಳಿಸಿ ಇನ್ನೊಂದು ಸಲ ಓದಿದಳು. ಆಮೇಲೆ ಊರನ್ನ ಸೇರಿಸಿ ಹೊಸದಾಗಿ ಹೇಳಿದಳಂತೆ. ನಿಮ್ಮೂರಿಗೆ ಒಬ್ಬ ತಳವಾರ ಅಲ್ಲ, ಸಾವಿರ ತಳವಾರರಿದ್ದರು, ರಾತ್ರಿಯೆಲ್ಲ ಹೂವಿಂದ ಹೂವಿಗೆ ಗಸ್ತು, ಬೆಳಗಾದರೆ ಆಲದ ಮರದಲ್ಲಿ ನಿದ್ದೆ, ನೀವು ಅವರ ಕಿವಿ ಹತ್ತಿರ ಜಾಗಟೆ ಬಾರಿಸಿದ್ರಿ.

ಗೌಡ ಕೇಳಿದನಂತೆ, ಹೋದ ಸಲ ದೇವಿ ಇದ್ದಳಲ್ಲ, ಈಗ ಎಲ್ಲಿ ಹೋದಳು?

ಅವಳನ್ನ ಸೇರಿಸಿದ್ದು ನಾನು ಗೌಡ್ರೆ, ಬಾವಲಿ ಅಲ್ಲ. ಇದರಲ್ಲಿ ಸೇರಿಸಿದ್ದು ಏನೂ ಇಲ್ಲ. ಅನುಮಾನ ಇದ್ದರೆ ಮೊಗ್ಗು ಬಂದಾಗ ಒಂದು ಕೊಂಬೆಗೆ ಬಾವಲಿ ಮುಟ್ಟದ ಹಾಗೆ ತೆಳು ಬಟ್ಟೆ ಸುತ್ತಿ ನೋಡಿ, ನಾವು ಹಾಗೇ ನೋಡಿದ್ದು.

ಜನ ಜಾಗಟೆ ಒಳಗಿಟ್ಟರಂತೆ. ಮರದ ಹತ್ತಿರ ಹೋದರೆ ಮಕ್ಕಳೂ ಮೆಟ್ಟು ಕೈಯಲ್ಲಿ ಹಿಡ್ಕೊಂಡು ನಡೆಯೋರಂತೆ. ಮುಂದಿನ ಹೂವಿನ ಕಾಲಕ್ಕೆ ಒಂದೊಂದೇ ಬಾವಲಿ ವಾಪಸ್ ಬಂದು ನೇತಾಡಿತು. ಮೂವರೂ ಅಲ್ಲಿಂದಾಚೆ ಊರೂರಿಗೆ ಜೊತೇಲೇ ಹೋಗ್ತಿದ್ದರಂತೆ, ಚೆಲುವಯ್ಯ ತಮಟೆ ಹೊಡೆದು ಜನ ಸೇರಿಸೋದು, ದೇವೀರಮ್ಮ ಕತೆ ಹೇಳೋದು, ಅವಳು ಸ್ವಲ್ಪ ಜಾಸ್ತಿ ಬಣ್ಣ ಹಚ್ಚಿದರೆ ತಿಮ್ಮರಸ ಪಕ್ಕದಲ್ಲಿ ಕೂತು ಕೆಮ್ಮೋದು.

ಗೌಡನಿಗೆ ಕಾಳಮ್ಮ ಅಂತ ತಾಯಿ ಇದ್ದಳು, ಯಾರ ಮಾತೂ ನಂಬದ ಮುದುಕಿ, ಅವಳು ಯಾರಿಗೂ ಹೇಳದೆ ಹಿತ್ತಲ ಇಪ್ಪೆ ಮರದ ಒಂದು ಕೊಂಬೆಗೆ ತನ್ನ ಹಳೇ ಸೀರೆ ಸುತ್ತಿದ್ದಳಂತೆ. ಬೀಜ ಬಲಿತಾಗ ಬಿಚ್ಚಿ ನೋಡ್ತಾಳೆ, ಆ ಕೊಂಬೆ ಬೋಳು, ಮಿಕ್ಕವೆಲ್ಲ ಬಾಗಿ ನಿಂತಿವೆ. ದೇವೀರಮ್ಮನ್ನ ಕರೆಸಿ, ನಿನ್ನ ಕತೆ ನಿಜ ಕಣೇ, ಆದರೆ ಆ ಸೀರೆ ಪೂರ್ತಿ ಹರಿದುಹೋಯ್ತು, ನಿಮ್ಮ ವಿದ್ಯಾಪೀಠದವರಿಗೆ ಹೇಳಿ ಒಂದು ಹೊಸದು ಕೊಡಿಸು ಅಂದಳಂತೆ. ಕೊಡಿಸಿದರಂತೆ. ಅದನ್ನುಟ್ಟು ಹೊಸ ಎಣ್ಣೆ ದೀಪ ಹಚ್ಚಿ, ಮೊಮ್ಮಕ್ಕಳನ್ನ ಸುತ್ತ ಕೂರಿಸ್ಕೊಂಡು ಬಾವಲಿ ಕತೇನ ಕಾಳಮ್ಮನೇ ಶುರು ಮಾಡಿದಳು, ಅಲ್ಲಿಗೆ ನನ್ನ ಕತೆ ಮುಗೀತು, ಕಣ್ಣು ಮುಚ್ಚು.