ಎದುರು ದಡದ ದಿನ

ಆ ಆಶ್ರಮದಲ್ಲಿ ಹದಿನಾಲ್ಕು ತುಂಬಿದ ಮಕ್ಕಳನ್ನು ಸೇರಿಸಿಕೊಂಡು ನಾಲ್ಕು ವರ್ಷ ತರಬೇತಿ ಕೊಡುತ್ತಿದ್ದರು. ಸಭೆ ನಡೆಸುವುದು, ಅಡುಗೆ ನಿಭಾಯಿಸುವುದು, ಚಿಕ್ಕವರಿಗೆ ಪಾಠ ಹೇಳುವುದು, ತಂಡ ಕಟ್ಟುವುದು. ಆಮೇಲೆ ಕಾಲೇಜು, ಉದ್ಯೋಗ.

ಹೊರಡುವ ಮುನ್ನ ಒಂದು ನಿಯಮವಿತ್ತು. ತಂಡದ ನಾಯಕ ಬೆಳಗಿನಿಂದ ಸಂಜೆಯವರೆಗೆ ಹೊಳೆಯ ಎದುರು ದಡದಲ್ಲಿ ಕೂರಬೇಕು. ಆಶ್ರಮದ ದಡದಲ್ಲಿ ತಂಡ ತನ್ನ ಕೆಲಸ ಮಾಡುತ್ತದೆ. ನಾಯಕ ಕೂಗಬಾರದು, ಸನ್ನೆ ಮಾಡಬಾರದು. ಮಾಡಿದರೆ ಆ ದಿನ ಲೆಕ್ಕಕ್ಕಿಲ್ಲ. ದಿನ ಪೂರೈಸಿದವರ ಪ್ರಮಾಣಪತ್ರಕ್ಕೆ ಮಾತ್ರ ಗುರುಗಳ ಸಹಿ.

ತಂಡದ ನಾಯಕಿ ಶಿವಲೀಲಾಗೆ ಇದು ಮೂರನೆಯ ಪ್ರಯತ್ನ. ಮೊದಲ ದಿನ ಬೆಳಿಗ್ಗೆ ಎಂಟಕ್ಕೇ ಕೂಗಿದ್ದಳು. ಎರಡನೆಯ ದಿನ ಅಂಬಿಗನ ಕೈಯಲ್ಲಿ ಚೀಟಿ ಕಳಿಸಿದ್ದಳು. ನಾಳೆ ನಗರದ ಕಾಲೇಜಿಗೆ ಸೇರಲು ಕೊನೆಯ ದಿನ. ಪ್ರಮಾಣಪತ್ರವಿಲ್ಲದೆ ಸೀಟಿಲ್ಲ.

"ಇವತ್ತೂ ಆಗದಿದ್ದರೆ ಮನೆಯಲ್ಲಿ ಏನು ಹೇಳಲಿ, ಗುರುಗಳೇ?"

"ಬಾಯಿ ಮುಚ್ಚಿ ಕೂರಲು ಆಗಲಿಲ್ಲ ಅಂತ ಹೇಳು."

ಗುರುಗಳು ಪಕ್ಕದಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅವರೊಡನೆ ಮಾತಾಡಲು ಅಡ್ಡಿಯಿರಲಿಲ್ಲ.

"ಒಲೆಯನ್ನು ಗಾಳಿಗೆ ಬೆನ್ನಾಗಿ ಹೂಡಿದ್ದಾರೆ."

"ಹೌದು."

"ಅವರಿಗೆ ನಲವತ್ತು ಪುಟದ ಕೈಪಿಡಿ ಬರೆದುಕೊಟ್ಟಿದ್ದೇನೆ. ಒಲೆಯ ದಿಕ್ಕು ಆರನೇ ಪುಟದಲ್ಲಿದೆ. ಚಿತ್ರ ಸಮೇತ."

"ಕೈಪಿಡಿ ಅಲ್ಲೇ ಇದೆಯಲ್ಲ."

ಶಿವಲೀಲಾ ನೋಡಿದಳು. ಅವಳ ನಂತರ ನಾಯಕನಾಗಬೇಕಿದ್ದ ಬಸಲಿಂಗ ಕೈಪಿಡಿಯಿಂದ ಒಲೆಗೆ ಗಾಳಿ ಬೀಸುತ್ತಿದ್ದ.

ಅವಳು ಮೊಣಕಾಲ ನಡುವೆ ತಲೆ ಹುದುಗಿಸಿದಳು.

ಹತ್ತು ಗಂಟೆಗೆ ಸುತ್ತಲ ಹಳ್ಳಿಗಳ ಅರವತ್ತು ಮಕ್ಕಳು ಭಾನುವಾರದ ಪಾಠಕ್ಕೆ ಬಂದರು. ಪಾಠ ಯಾರು ಹೇಳಬೇಕೆಂದು ತಂಡದಲ್ಲಿ ವಾದ ಶುರುವಾಯಿತು. ವಾದ ಅರ್ಧ ಗಂಟೆ ನಡೆಯಿತು. ಅಷ್ಟರಲ್ಲಿ ಒಲೆಯ ಕಡೆಯಿಂದ ಕಪ್ಪು ಹೊಗೆ ಎದ್ದಿತು.

ಬಸಲಿಂಗ ನೀರಿನ ಅಂಚಿಗೆ ಓಡಿಬಂದ. ಹೊಳೆ ಅಗಲವಿರಲಿಲ್ಲ, ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

"ಅಕ್ಕಾ, ಅನ್ನ ಸೀದುಹೋಯ್ತು. ಈ ಮಕ್ಕಳಿಗೆ ಏನು ಕೊಡೋದು?"

ಉಗ್ರಾಣದ ಮೆಟ್ಟಿಲ ಕೆಳಗೆ ಅರ್ಧ ಮೂಟೆ ಅವಲಕ್ಕಿ ಇತ್ತು. ಅದು ಅವಳಿಗೊಬ್ಬಳಿಗೇ ಗೊತ್ತಿತ್ತು.

ಬಾಯಿ ತೆರೆದಳು. ಕೂಡಲೇ ಗುರುಗಳ ಮುಂದಿದ್ದ ಕಡಲೆಬೀಜವನ್ನೆಲ್ಲ ಬಾಚಿ ಬಾಯಿಗೆ ತುಂಬಿಕೊಂಡಳು.

"ಅದು ಇಬ್ಬರಿಗೂ ಅಂತ ಸುಲಿದದ್ದು," ಎಂದರು ಗುರುಗಳು.

"ಅಕ್ಕಾ, ಕೇಳಿಸ್ತಾ? ಒಂದೇ ಒಂದು ಮಾತು ಹೇಳಿ. ಗುರುಗಳು ಆ ಕಡೆ ತಿರುಗಿದಾಗ ಹೇಳಿ."

ಶಿವಲೀಲಾ ಹೊಳೆಗೆ ಬೆನ್ನು ಹಾಕಿ ಕೂತಳು. ಕಣ್ಣಲ್ಲಿ ನೀರು ಬಂದಿತ್ತು.

"ಸರಿ ಬಿಡಿ," ಎಂದ ಬಸಲಿಂಗ. "ನಲವತ್ತು ಪುಟ ಬರೆಯೋಕೆ ಆಗುತ್ತೆ, ನಾಲ್ಕು ಮಾತು ಆಡೋಕಾಗಲ್ಲ."

ಅವನು ಹೋದ ಮೇಲೆ ಬಹಳ ಹೊತ್ತು ಗದ್ದಲ ಕೇಳಿಸಿತು. ಪಾತ್ರೆ ಬಿದ್ದ ಸದ್ದು. ಯಾರೋ ಬೈದದ್ದು. ಆಮೇಲೆ ನಗು. ಆಮೇಲೆ ಗದ್ದಲ ನಿಂತಿತು.

ತಡೆಯಲಾಗದೆ ಅವಳು ತಿರುಗಿದಳು.

ಪಾತ್ರೆಯ ಮೇಲರ್ಧದಲ್ಲಿ ಸೀಯದೆ ಉಳಿದ ಅನ್ನಕ್ಕೆ ಮಜ್ಜಿಗೆ, ಈರುಳ್ಳಿ ಕಲಸಿದ್ದರು. ಹಳ್ಳಿಯ ಮಕ್ಕಳೇ ಸಾಲಾಗಿ ನಿಂತು ಒಬ್ಬರಿಗೊಬ್ಬರು ಬಡಿಸುತ್ತಿದ್ದರು. ಬಸಲಿಂಗ ತಳದ ಕರಕಲನ್ನು ಎತ್ತಿ ಹಿಡಿದು, ಅನ್ನ ಯಾಕೆ ಕಪ್ಪಾಗುತ್ತದೆ ಎಂದು ವಿವರಿಸುತ್ತಿದ್ದ. ಮಕ್ಕಳು ತಿನ್ನುತ್ತ ಪ್ರಶ್ನೆ ಕೇಳುತ್ತಿದ್ದರು.

"ಇವತ್ತಿನ ಪಾಠ ಮಳೆ ಹೇಗೆ ಬರುತ್ತದೆ ಅಂತ. ಇಪ್ಪತ್ತೆರಡನೇ ಪುಟ," ಎಂದಳು ಶಿವಲೀಲಾ. "ಇದನ್ನಾದರೂ ಸರಿಯಾಗಿ ಹೇಳುತ್ತಿದ್ದಾನಾ? ಅರ್ಧ ತಪ್ಪು."

"ಅರ್ಧಕ್ಕಿಂತ ಜಾಸ್ತಿ," ಎಂದರು ಗುರುಗಳು.

ಸಂಜೆಯಾಯಿತು. ಗುರುಗಳು ಜೋಳಿಗೆಯಿಂದ ಪ್ರಮಾಣಪತ್ರ ತೆಗೆದು, ಮೊಣಕಾಲ ಮೇಲಿಟ್ಟು ಸಹಿ ಹಾಕಿದರು.

ಶಿವಲೀಲಾ ಅದನ್ನು ಎರಡು ಸಲ ಓದಿದಳು.

"ಅನ್ನ ಸೀದಿತು. ಊಟ ಎರಡು ಗಂಟೆ ತಡವಾಯಿತು. ಪಾಠವೇ ಬದಲಾಯಿತು. ಆದರೂ ಸಹಿ ಹಾಕಿದಿರಿ."

"ಹಾಕಿದೆ."

"ನಾನು ಅಲ್ಲಿದ್ದಿದ್ದರೆ ಇದರಲ್ಲಿ ಒಂದೂ ಆಗುತ್ತಿರಲಿಲ್ಲ."

"ಒಂದೂ ಆಗುತ್ತಿರಲಿಲ್ಲ."

ಅವಳು ಪತ್ರ ಮಡಿಸಿದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಗೊತ್ತಿದ್ದೂ ಹೇಳಬಾರದು. ಕಣ್ಣೆದುರೇ ಕೆಡುತ್ತಿದ್ದರೂ ಸುಮ್ಮನೆ ನೋಡುತ್ತ ಕೂರಬೇಕು. ಇದು ಎಂಥ ಹಿಂಸೆ ಅಂತ ನಿಮಗೇನು ಗೊತ್ತು, ಗುರುಗಳೇ? ಮೂರು ದಿನಕ್ಕೇ ನನ್ನ ತಲೆ ಕೆಟ್ಟುಹೋಯಿತು."

ಗುರುಗಳು ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದರು.

"ನಿನ್ನನ್ನು ನೋಡುತ್ತ ನಾನು ನಾಲ್ಕು ವರ್ಷ ಕೂತಿದ್ದೆನಲ್ಲ, ತಾಯಿ."