ಗರಗಸದ ಎರಡು ಹಿಡಿ

"ಬುದ್ಧಿ, ಪುರಾಣವನ್ನು ಒಂದು ದಿನ ನಾನು, ಒಂದು ದಿನ ಮುರಿಗಯ್ಯ ಓದಬೇಕೆಂದು ತಮ್ಮ ಅಪ್ಪಣೆ. ನಿನ್ನೆ ಅವನ ಸರದಿ. ಅವನು ತಪ್ಪಿದಲ್ಲೆಲ್ಲ ನಾನು ಕೂತಲ್ಲಿಂದಲೇ ಕೂಗಿ ತಿದ್ದಿದೆ. ಅವನು ಪುಸ್ತಕ ಮುಚ್ಚಿ ಎದ್ದುಹೋದ. ಮಠವನ್ನೇ ಬಿಡುತ್ತಾನಂತೆ. ತಿದ್ದಿದ್ದು ತಪ್ಪೇ?" ಎಂದು ಶಿಷ್ಯ ಕೇಳಿದ.

"ಬಂದರಪ್ಪ ಪಂಡಿತರು! ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಇಬ್ಬರು ಮರ ಕೊಯ್ಯುವವರಿದ್ದರು. ಇಬ್ಬರಿಗೂ ಸೇರಿ ಒಂದೇ ಉದ್ದ ಗರಗಸ. ಈ ತುದಿಗೊಂದು ಹಿಡಿ, ಆ ತುದಿಗೊಂದು ಹಿಡಿ. ಒಬ್ಬ ಎಳೆಯುವಾಗ ಇನ್ನೊಬ್ಬ ಕೈ ಸಡಿಲ ಬಿಡಬೇಕು. ಆಮೇಲೆ ಅವನು ಎಳೆಯಬೇಕು, ಇವನು ಸಡಿಲ ಬಿಡಬೇಕು. ತಳ್ಳುವ ಮಾತೇ ಇಲ್ಲ. ತಳ್ಳಿದರೆ ಅಲಗು ಬಾಗುತ್ತದೆ.

ಒಂದು ದಿನ ಬಿರುಗಾಳಿಗೆ ಹುಣಸೆಮರ ಉರುಳಿತು. ಹಿರಿಯವನ ಹೆಂಡತಿ ಅದರಡಿ ಸಿಕ್ಕಿಕೊಂಡಳು. ಎದೆಯ ಮೇಲೆ ದಪ್ಪ ಕೊಂಬೆ. ಇನ್ನೂ ಪ್ರಾಣವಿತ್ತು, ಮಾತೂ ಇತ್ತು. ಹತ್ತು ಜನ ಸೇರಿದರೂ ಕೊಂಬೆ ಅಲುಗಲಿಲ್ಲ. ಕೊಯ್ಯದೆ ಬೇರೆ ದಾರಿಯಿರಲಿಲ್ಲ.

ಇಬ್ಬರೂ ಗರಗಸ ಹಿಡಿದರು. ಅರ್ಧ ಕೊಯ್ದರು. ಹಿರಿಯವನಿಗೆ ತಡೆಯಲಾಗಲಿಲ್ಲ. ಜೊತೆಗಾರನ ಕೈ ನಿಧಾನ ಎನ್ನಿಸಿತು. ತನ್ನ ಸರದಿಯಲ್ಲಿ ಎಳೆದದ್ದು ಸಾಲದೆ, ಅವನ ಸರದಿಯಲ್ಲೂ ತಳ್ಳತೊಡಗಿದ.

"ಅಣ್ಣಾ, ತಳ್ಳಬೇಡ. ನನಗೆ ಬಿಡು" ಎಂದ ಜೊತೆಗಾರ.

"ಬಿಡುವುದೇನು? ಅಡಿಯಲ್ಲಿರುವವಳು ನಿನ್ನ ಹೆಂಡತಿಯೇ?" ಎಂದ ಹಿರಿಯವನು.

ಆಕೆ ಆ ಗರಗಸದ ಸದ್ದು ಕೇಳಿಯೇ ಬಾಳಿದವಳು. ಕೊಂಬೆಯ ಕೆಳಗಿನಿಂದಲೇ, "ರೀ, ಸದ್ದು ಸರಿಯಿಲ್ಲ. ಅವರಿಗೂ ಎಳೆಯಲು ಬಿಡಿ" ಎಂದಳು. ಗಂಡನಿಗೆ ಕೇಳಿಸಿತು. ಆದರೆ ಕೈ ಆಗಲೇ ತಳ್ಳಿಯಾಗಿತ್ತು. ಅಲಗು ಬಾಗಿ ಪಟ್ಟನೆ ಮುರಿಯಿತು.

ಪಕ್ಕದ ಊರಿನಿಂದ ಇನ್ನೊಂದು ಗರಗಸ ತರುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು. ಅಲ್ಲಯ್ಯಾ, ಅವನೇನು ಪ್ರೀತಿಯಿಲ್ಲದೆ ತಳ್ಳಿದನೇ? ಪ್ರೀತಿಯಿಂದಲೇ ತಳ್ಳಿದ.

ಶಿಷ್ಯ ಮೆಲ್ಲಗೆ, "ಆದರೂ ಬುದ್ಧಿ, ತಪ್ಪು ಕಿವಿಗೆ ಬಿದ್ದ ಮೇಲೂ ಸುಮ್ಮನಿರುವುದು ಹೇಗೆ?" ಎಂದ.

"ಮೊನ್ನೆ ನಿನ್ನ ಸರದಿಯಲ್ಲಿ ನೀನು ಎರಡು ಕಡೆ ತಪ್ಪಿ ಓದಿದಾಗ ಮುರಿಗಯ್ಯ ಸುಮ್ಮನಿದ್ದನಲ್ಲ, ಹಾಗೆ" ಎಂದರು ಗುರುಗಳು.