ಏಟು ನುಂಗಿದ ಗಾಳಿ

ಅರವತ್ತು ಹಾಳೆಗಳಲ್ಲೂ ಅದೇ ಒಂದು ಹೆಸರು ಮೂಡಲಿಲ್ಲ. ದ್ಯಾಮಣ್ಣ ಅದನ್ನು ಕಂಡ. ಕಂಡೂ ಬಾಯಿ ಬಿಡಲಿಲ್ಲ.

ಹೊಳೆದಂಡೆಯ ಆ ಆಶ್ರಮದಲ್ಲಿ ಉಳಿದವರು ಇಬ್ಬರೇ: ಗುರು ಮರುಳಯ್ಯನವರು, ಶಿಷ್ಯ ದ್ಯಾಮಣ್ಣ. ಮಿಕ್ಕವರು ಒಬ್ಬೊಬ್ಬರಾಗಿ ಎದ್ದು ಹೋಗಿದ್ದರು. ಸಾಲಿಗೊಂದು ಕೊಳವೆಯಿದ್ದ ಇಂಕ್‌ಜೆಟ್ ಮುದ್ರಣಯಂತ್ರ ಹನಿಹನಿಯಾಗಿ ಮಸಿ ಉಗುಳುವ ಸದ್ದೊಂದೇ ದ್ಯಾಮಣ್ಣನಿಗೆ ಜೊತೆ.

ಸರ್ಕಾರದವರು ದಂಡೆಯ ಗುಡಿಸಲುಗಳನ್ನು ಕೆಡವಿ ಉದ್ಯಾನ ಮಾಡುತ್ತಾರಂತೆ. ಬೇಡ ಎನ್ನುವವರ ಹೆಸರು ಅರ್ಜಿಯಲ್ಲಿರಬೇಕು. ಹೆಸರಿಲ್ಲದವರು ಒಪ್ಪಿದಂತೆ. ಆ ಅರ್ಜಿಯನ್ನು ಮುದ್ರಿಸಿದವನು ದ್ಯಾಮಣ್ಣ. ಪ್ರತಿಗಳು ಬೆಳಿಗ್ಗೆಯೇ ದೋಣಿ ಹತ್ತಿ ಕಚೇರಿಗೆ ಹೋಗಿದ್ದವು.

ಉಳಿದ ಒಂದು ಪ್ರತಿಯನ್ನು ಗುರು ಬಿಸಿಲಿಗೆ ಹಿಡಿದರು. ಹದಿನಾರನೇ ಹೆಸರಿನ ಕೆಳಗೆ ಬರೀ ಬಿಳುಪು. ಅದರ ಕೆಳಗೆ ಹದಿನೆಂಟು.

"ಎಷ್ಟನೇ ಹಾಳ್ಯಾಗ ಕಂಡಿ?"

"ಮೂರನೇದರಾಗ, ಅಜ್ಜಾರ."

"ಕಂಡು ಏನ್ ಮಾಡಿದಿ?"

"ಯಂತ್ರದ ಒತ್ತಡ ಏರಿಸಿದ್ನಿ. ಮತ್ತಷ್ಟು ಏರಿಸಿದ್ನಿ. ತಾನ ಸರಿ ಆಗ್ತದ ಅನ್ಕೊಂಡ್ನಿ."

"ಬಾಟ್ಲಿ ತಳ ಕಂಡ್ರೂ ಮಸಿ ಹಾಕಲಿಲ್ಲ. ಕೊಳವಿ ಗಾಳಿ ಕುಡೀತು. ಹೌದಿಲ್ಲೋ?"

"ಹೂಂನ್ರೀ, ಅಜ್ಜಾರ."

"ಈ ಹೂಂ ಒಂದನ್ನ ಭಾಳ ಛಲೋ ಕಲ್ತಿ."

ಗುರು ಮಸಿ ತುಂಬುವ ಸಿರಿಂಜಿಗೆ ನೀರು ಎಳೆದುಕೊಟ್ಟರು. "ಯಂತ್ರ ಕೊಳವಿಗೆ ಹೊಡೀತದಲ್ಲ, ಹಂಗ ಹಿಂದ ಉಗುರಿನಿಂದ ಹೊಡಿ."

ದ್ಯಾಮಣ್ಣ ಹೊಡೆದ. ಮೊನೆಯಿಂದ ಒಂದು ಹನಿ ಚಿಮ್ಮಿತು.

ಗುರು ಅದರೊಳಗೆ ಕಡಲೆಕಾಳಿನಷ್ಟು ಗಾಳಿ ಸೇರಿಸಿದರು. "ಈಗ ಹೊಡಿ."

ಹನಿ ಬರಲಿಲ್ಲ. ಜೋರಾಗಿ ಹೊಡೆದ. ಆಗಲೂ ಬರಲಿಲ್ಲ.

"ಗಾಳಿ ಏನ್ ಮಾಡ್ತು?"

"ತಡೀಲಿಲ್ರಿ. ಕುಗ್ಗಿತು. ಆಮ್ಯಾಲ ಮತ್ತ ಮೊದಲಿನಂಗ ಆತು."

"ಹೊಡದ ಏಟು ಎಲ್ಲಿ ಹೋತು?"

"ಅದರ ಹೊಟ್ಯಾಗ."

"ಅಡ್ಡ ನಿಂತಿದ್ರ ತಗದು ಒಗೀತಿದ್ವಿ. ಇದು ಮಣೀತದ. ಮಣದು ನುಂಗತದ. ಯಂತ್ರದಾಗ ಹೊಡದಷ್ಟೂ ಇನ್ನಷ್ಟು ದಪ್ಪ ಆಗ್ತದ. ಮೂರನೇ ಹಾಳ್ಯಾಗ ನಿಲ್ಲಿಸಿ ನನ್ನ ಕರದಿದ್ರ ಸಾಕಿತ್ತು. ಆ ಸಾಲು ಯಾರದು?"

ದ್ಯಾಮಣ್ಣ ಕೈಬರಹದ ಪಟ್ಟಿ ಹುಡುಕಿ ನೋಡಬೇಕಾಯಿತು.

"ತಿಪ್ಪವ್ವಂದು. ಕಡೀ ಗುಡಿಸಲು."

"ಹೆಂಗದಾಳ ಆಕಿ?"

"ಗೊತ್ತಿಲ್ರಿ. ಒಬ್ಬಾಕೀನ ಇರ್ತಾಳ. ಆ ಕಡೆ ಯಾರೂ ಹೋಗೂದಿಲ್ಲ."

ಹೇಳುತ್ತಲೇ ಅವನ ದನಿ ತಗ್ಗಿತು. ಹೆಂಗದಿ ಎಂದು ತನ್ನನ್ನೂ ಯಾರೂ ಕೇಳಿರಲಿಲ್ಲ. ಎಷ್ಟು ವರ್ಷವಾಯಿತೋ.

"ಇನ್ನೊಮ್ಮೆ ಮುದ್ರಿಸ್ಲೇನ್ರಿ?"

"ಮಧ್ಯಾಹ್ನಕ್ಕ ಕಚೇರ್ಯಾಗ ವಿಚಾರಣೆ. ಕೊಳವ್ಯಾಗಿನ ಗಾಳಿ ಕರಗೂದು ನಾಳಿಗೆ."

ಗುರು ತಮ್ಮ ಕೊಡೆ ತೆಗೆದು ಅವನ ಕೈಗಿತ್ತರು. ಹೊರಗೆ ಬಿಸಿಲು ಸುಡುತ್ತಿತ್ತು. ಕಡೆಯ ಗುಡಿಸಲಿನ ತನಕ ಮರಳಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ.

"ಅಲ್ಲಿ ಹೋಗಿ ಏನಂತ ಹೇಳ್ಲಿ, ಅಜ್ಜಾರ?"

"ಮೊದಲು ತಪ್ಪು ನಂದು ಅಂತ ಆಕಿಗೆ ಹೇಳು. ಆಕೀನ್ನ ಕರ್ಕೊಂಡು ಕಚೇರಿಗೆ ನಡಿ. ಆಕಿ ತನ್ನ ಹೆಸರು ತಾನ ಕೂಗ್ಲಿ. ಸಾಹೇಬ ನಕ್ಕೋತ 'ಹೂಂ, ನೋಡೋಣ' ಅಂದ್ರ, ಅದೂ ಮಣದು ನುಂಗೂ ಗಾಳೀನ; ಹೆಸರು ಬರಿಯೂತನಕ ಅಲ್ಲಿಂದ ಕದಲಬ್ಯಾಡ್ರಿ."